ಟಿವಿ ನೋಡಿ ಅಡುಗೆಮನೆಯ ಗೋಡೆ ಒಡೆಸಿದವನ ಉತ್ತರ

ಡಲ್ಲಾಸ್ ಬಳಿ ತೊಂಬತ್ತರ ದಶಕದಲ್ಲಿ ಕಟ್ಟಿದ ಮನೆಯನ್ನು ಕೊಂಡಿದ್ದೀರಿ. ಅಡುಗೆಮನೆಗೂ ಹಜಾರಕ್ಕೂ ನಡುವೆ ಇರುವ ಗೋಡೆಯನ್ನು ತೆಗೆಸಿ ‘ಓಪನ್ ಕಾನ್ಸೆಪ್ಟ್’ ಮಾಡಿಸುವುದೋ, ಇಲ್ಲವೇ ಅದೇ ಹಣದಲ್ಲಿ ನೆಲವನ್ನೂ ಕಪಾಟುಗಳನ್ನೂ ಬದಲಿಸುವುದೋ, ಮುಂದೆ ಮಾರುವಾಗ ಯಾವುದಕ್ಕೆ ಹೆಚ್ಚು ಬೆಲೆ ಬಂದೀತು ಎಂದು ಕೇಳಿದ್ದೀರಿ. ಇಸವಿಯೊಂದನ್ನು ಬದಲಿಸಿದರೆ ಇದು 2016ರಲ್ಲಿ ನಾನೇ ಬರೆಯಬಹುದಾಗಿದ್ದ ಪ್ರಶ್ನೆ. ಆದರೆ ನಾನು ಆಗ ಯಾರನ್ನೂ ಕೇಳಲಿಲ್ಲ. ಕೇಳುವ ಮೊದಲೇ ಟಿವಿ ಉತ್ತರ ಹೇಳಿಬಿಟ್ಟಿತ್ತು.

ನಾವು 2012ರಲ್ಲಿ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಎರಡಂತಸ್ತಿನ ಇಟ್ಟಿಗೆಯ ಮನೆಯೊಂದನ್ನು ಕೊಂಡೆವು. 1994ರಲ್ಲಿ ಕಟ್ಟಿದ್ದ ಮನೆ. ಓಕ್ ಮರದ ಕಪಾಟು, ಬಾದಾಮಿ ಬಣ್ಣದ ಕರೆಂಟಿನ ಒಲೆ, ಅದರ ಮೇಲೆ ಅದೇ ಬಣ್ಣದ ಹುಡ್, ಅಂದರೆ ಊರಿನಲ್ಲಿ ನಾವು ಚಿಮ್ನಿ ಎನ್ನುವ ಸಾಧನ. ಅದನ್ನು ಹಾಕಿದರೆ ಪಕ್ಕದಲ್ಲಿ ನಿಂತವರ ಮಾತು ಕೇಳಿಸುತ್ತಿರಲಿಲ್ಲ, ಅಷ್ಟು ಸದ್ದು. ಆದರೂ ಅದು ಒಗ್ಗರಣೆಯ ಘಾಟನ್ನೆಲ್ಲ ಹೀರಿ, ಮೇಲಿನ ಕಪಾಟನ್ನು ಹಾದು ಗೋಡೆಯ ಒಳಗೇ ಮೇಲೇರುವ ತಗಡಿನ ಕೊಳವೆಯ ಮೂಲಕ ಸೂರಿನಾಚೆ ತಳ್ಳುತ್ತಿತ್ತು. ನಾಲ್ಕು ವರ್ಷ ಆ ಕೊಳವೆಯ ಪಕ್ಕದಲ್ಲೇ ನಾವು ಹಪ್ಪಳದ ಡಬ್ಬ ಇಡುತ್ತಿದ್ದೆವು. ಅದೇನು ಎಂದು ನಾನು ಒಮ್ಮೆಯೂ ವಿಚಾರಿಸಲಿಲ್ಲ.

ಮನೆ-ತೋಟದ ಕಾರ್ಯಕ್ರಮಗಳಿಗೇ ಮೀಸಲಾದ ಎಚ್‌ಜಿಟಿವಿ ಎಂಬ ವಾಹಿನಿ ಶುರುವಾದದ್ದು 1994ರ ಡಿಸೆಂಬರ್ ಕೊನೆಯಲ್ಲಿ. ನಮ್ಮ ಮನೆಯೂ ಅದೂ ಒಂದೇ ವಯಸ್ಸಿನವು ಎನ್ನಬಹುದು. 2013ರಿಂದ 2018ರವರೆಗೆ ಅದರಲ್ಲಿ ‘ಫಿಕ್ಸರ್ ಅಪ್ಪರ್’ ಎಂಬ ಕಾರ್ಯಕ್ರಮ ಬರುತ್ತಿತ್ತು. ಟೆಕ್ಸಸ್‌ನ ವೇಕೋ ಪಟ್ಟಣದ ಚಿಪ್ ಮತ್ತು ಜೊವಾನಾ ಗೇನ್ಸ್ ದಂಪತಿ ಪ್ರತಿ ಕಂತಿನಲ್ಲೂ ಹಳೆಯ ಮನೆಯೊಂದನ್ನು ಹಿಡಿದು, ಸಮ್ಮಟಿಗೆಯಿಂದ ಗೋಡೆ ಒಡೆದು, ಕೊನೆಗೆ ಬಿಳಿಯ ಕಪಾಟು, ನಡುವೆ ಐಲ್ಯಾಂಡ್ ಎನ್ನುವ ದೊಡ್ಡ ಕಟ್ಟೆ, ಹಳಿಯ ಮೇಲೆ ಜಾರುವ ಕೊಟ್ಟಿಗೆಯ ಬಾಗಿಲು ಎಲ್ಲವನ್ನೂ ಸಿಂಗರಿಸಿ ಮನೆಯವರಿಗೆ ತೋರಿಸುತ್ತಿದ್ದರು. ಮನೆಯವರು ಅಳುತ್ತಿದ್ದರು, ನಾವೂ ಕಣ್ಣು ಒರೆಸಿಕೊಳ್ಳುತ್ತಿದ್ದೆವು. ಶಿಪ್‌ಲ್ಯಾಪ್ ಎಂಬ ಹಲಗೆಯ ಕಥೆಯೊಂದೇ ಸಾಕು ಈ ಕಾರ್ಯಕ್ರಮದ ಪ್ರಭಾವ ತಿಳಿಯಲು. ಒಂದರ ಅಂಚಿನ ಮೇಲೆ ಇನ್ನೊಂದು ಕೂರುವಂತೆ ಕೊರೆದ ಈ ಹಲಗೆ ಹಳೆಯ ಟೆಕ್ಸಸ್ ಮನೆಗಳಲ್ಲಿ ಬಟ್ಟೆ ಮತ್ತು ಬಣ್ಣದ ಕಾಗದದ ಅಡಿಯಲ್ಲಿ ಅಡಗಿರುತ್ತಿದ್ದ ಸಾಧಾರಣ ಮರ. ಯಾರೂ ನೋಡಲೆಂದು ಹಾಕಿದ್ದಲ್ಲ. ಟಿವಿಯಲ್ಲಿ ಅದಕ್ಕೆ ಬಿಳಿ ಬಳಿದು ತೋರಿಸಿದ ಮೇಲೆ, ಹಳೆಯ ಮರವೇ ಇಲ್ಲದ ಹೊಸ ಮನೆಗಳ ಗೋಡೆಯ ಮೇಲೆ ಅಂಟಿಸಲೆಂದು ಹೋಮ್ ಡಿಪೋದಂತಹ ಅಂಗಡಿಗಳಲ್ಲಿ ಹೊಸದಾಗಿ ಕೊರೆದ ಶಿಪ್‌ಲ್ಯಾಪ್ ಮಾರಾಟಕ್ಕೆ ಬಂತು. ನಮ್ಮ ಬೀದಿಯಲ್ಲೇ ನಾಲ್ಕು ಮನೆಗಳಿಗೆ ಕೊಟ್ಟಿಗೆಯ ಬಾಗಿಲು ಬಂದವು. ಹಾಸನ ಜಿಲ್ಲೆಯ ಹಳ್ಳಿಯಲ್ಲಿ ಕೊಟ್ಟಿಗೆ ಗುಡಿಸುವುದನ್ನು ತಪ್ಪಿಸಿಕೊಳ್ಳಲೆಂದೇ ಓದಿ ಇಲ್ಲಿಗೆ ಬಂದವನು ನಾನು. ಇಲ್ಲಿ ಕೊಟ್ಟಿಗೆಯ ಬಾಗಿಲಿಗೆ ಎಂಟುನೂರು ಡಾಲರ್ ಕೊಟ್ಟೆ.

2015ರ ಅಕ್ಟೋಬರ್‌ನಲ್ಲಿ ಆ ದಂಪತಿ ವೇಕೋದಲ್ಲಿ ತುಕ್ಕು ಹಿಡಿದ ಎರಡು ಹಳೆಯ ಸೈಲೋಗಳ, ಅಂದರೆ ಕಾಳು-ಬೀಜ ತುಂಬಿಡುವ ಎತ್ತರದ ಉಗ್ರಾಣಗಳ ಬುಡದಲ್ಲಿ ದೊಡ್ಡ ಅಂಗಡಿ ತೆರೆದರು. ಮುಂದಿನ ವಸಂತದಲ್ಲಿ ನಾವೂ ಕಾರು ಹತ್ತಿ ಎರಡು ಗಂಟೆ ಹೋಗಿ, ಧರ್ಮಸ್ಥಳದ ಸಾಲಿನಂತಹ ಸಾಲಿನಲ್ಲಿ ನಿಂತು, ಮೇಣದ ಬತ್ತಿಯೊಂದನ್ನು ಕೊಂಡು ತಂದೆವು. ಹಿಂದಿರುಗುವ ದಾರಿಯಲ್ಲಿ ನನ್ನ ಹೆಂಡತಿ “ನಮ್ಮ ಗೋಡೆಯನ್ನೂ ತೆಗೆಸಬಹುದಲ್ಲವೇ?” ಎಂದಳು. ಅವಳ ಮೇಲೆ ಹೊರೆ ಹಾಕುತ್ತಿಲ್ಲ; ಅವಳು ಕೇಳುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಗೋಡೆ ಒಡೆದು ಮುಗಿಸಿದ್ದೆ.

ಕೆಲಸಕ್ಕೆ ಇಳಿದಾಗ ನಾನು ಅಜಾಗರೂಕನಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಮೇಲಂತಸ್ತಿನ ಭಾರವನ್ನು ಆ ಗೋಡೆ ಹೊರುತ್ತದೆಯೋ ಇಲ್ಲವೋ ಎಂದು ತಿಳಿಯಲು ಸ್ಟ್ರಕ್ಚರಲ್ ಎಂಜಿನಿಯರೊಬ್ಬರನ್ನು ಕರೆಸಿದೆ. ಹೊರುತ್ತದೆ ಎಂದರು; ಪದರಗಳನ್ನು ಅಂಟಿಸಿ ಮಾಡಿದ ಮರದ ತೊಲೆಯನ್ನು ಅಡ್ಡ ಕೊಟ್ಟು ಎರಡು ತುದಿಗಳಿಗೂ ಕಂಬ ನಿಲ್ಲಿಸುವಂತೆ ನಕ್ಷೆ ಬರೆದುಕೊಟ್ಟರು. ನಗರದಿಂದ ಪರವಾನಗಿ ಪಡೆದೆವು, ತಪಾಸಣೆ ಆಯಿತು. ಸಾಫ್ಟ್‌ವೇರ್ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಯಾವುದು ಮುರಿದು ಬೀಳಬಹುದು ಎಂದು ಪಟ್ಟಿ ಮಾಡುವುದೇ ನನ್ನ ವೃತ್ತಿ. ಛಾವಣಿ ಬೀಳದಂತೆ ನೋಡಿಕೊಂಡೆ. ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳಲಿಲ್ಲ.

ಈ ಒಂದು ವಿಷಯವನ್ನು ನಾನು ವಿವರವಾಗಿಯೇ ಹೇಳುತ್ತೇನೆ, ಬೇಸರವಾದರೂ ಓದಿ. ಒಲೆ ಇದ್ದದ್ದು ಆ ಗೋಡೆಗೇ ಒರಗಿ. ಗೋಡೆ ಹೋದರೆ ಒಲೆಗೂ ಹುಡ್‌ಗೂ ಕೊಳವೆಗೂ ನೆಲೆಯಿಲ್ಲ. ಟಿವಿಯಲ್ಲಿ ಅಡುಗೆ ಮಾಡುವವರು ಐಲ್ಯಾಂಡ್ ಹಿಂದೆ ನಿಂತು ಅತಿಥಿಗಳ ಕಡೆ ಮುಖ ಮಾಡಿ ನಗುನಗುತ್ತ ಮಾತನಾಡುತ್ತಾರಲ್ಲ, ನಮ್ಮ ಒಲೆಯೂ ಹಾಗೆಯೇ ನಡುವೆ ಬರಲಿ ಎಂದೆ. ಕಾಂಟ್ರಾಕ್ಟರ್ ಸಭ್ಯ ಮನುಷ್ಯ. ಅವರು ಮೂರು ದಾರಿಗಳನ್ನು ಮುಂದಿಟ್ಟರು. ಮೊದಲನೆಯದು, ಐಲ್ಯಾಂಡ್ ಮೇಲಿನಿಂದ ಹೊರಗೋಡೆಯವರೆಗೆ ಛಾವಣಿಯ ಉದ್ದಕ್ಕೂ ಇಪ್ಪತ್ತೆರಡು ಅಡಿ ಕೊಳವೆ ಎಳೆಯುವುದು. ಮೇಲಂತಸ್ತಿನ ತೊಲೆಗಳು ಅಡ್ಡ ದಿಕ್ಕಿನಲ್ಲಿ ಇದ್ದುದರಿಂದ ಕೊಳವೆಯನ್ನು ಅವುಗಳ ಸಂದಿನಲ್ಲಿ ಅಡಗಿಸುವಂತಿರಲಿಲ್ಲ. ಕೆಳಗೆ ಪೆಟ್ಟಿಗೆಯಂತೆ ಕಟ್ಟಿ ಮುಚ್ಚಬೇಕಿತ್ತು, ಅದಕ್ಕೆ 3,200 ಡಾಲರ್. ಎರಡನೆಯದು, ಹೊಗೆಯನ್ನು ಕೆಳಕ್ಕೆ ಎಳೆದು ನೆಲದಡಿಯಿಂದ ಹೊರಗೆ ಕಳಿಸುವುದು. ಈ ಭಾಗದ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ, ಕಾಂಕ್ರೀಟ್ ಹಾಸಿನ ಮೇಲೆಯೇ ಮನೆ ನಿಂತಿರುತ್ತದೆ. ಆ ಹಾಸಿನೊಳಗೆ ಬಿಗಿದ ಉಕ್ಕಿನ ತಂತಿಗಳಿರುವುದರಿಂದ ಕಂಡಕಂಡಲ್ಲಿ ಕೊರೆಯುವಂತಿಲ್ಲ. ಹಾಗಾಗಿ ಅದು ಅಲ್ಲಿಗೇ ಬಿಟ್ಟುಹೋಯಿತು. ಮೂರನೆಯದು, ಕೊಳವೆಯೇ ಇಲ್ಲದ ಹುಡ್: ಗಾಳಿಯನ್ನು ಹೀರಿ, ಇದ್ದಿಲಿನ ಸೋಸುಕದ ಮೂಲಕ ಹಾಯಿಸಿ, ಮತ್ತೆ ಕೋಣೆಗೇ ಬಿಡುವುದು.

ನಾನು ಮೂರನೆಯದಕ್ಕೆ ಸಹಿ ಹಾಕಿದೆ. ಹಣ ಉಳಿಸಲು ಎಂದುಕೊಳ್ಳಬೇಡಿ. ಛಾವಣಿಯಲ್ಲಿ ಪೆಟ್ಟಿಗೆಯೊಂದು ಇಳಿಬಿದ್ದರೆ ನಾನು ಉಳಿಸಿಟ್ಟುಕೊಂಡಿದ್ದ ಚಿತ್ರದಂತೆ ಕಾಣುವುದಿಲ್ಲ ಎಂಬುದೇ ನಿಜವಾದ ಕಾರಣ. ಇದ್ದಿಲು ನೀರನ್ನು ಶುದ್ಧ ಮಾಡುತ್ತದೆ, ಗಾಳಿಯನ್ನೂ ಮಾಡೀತು ಎಂದುಕೊಂಡೆ. ಇದ್ದಿಲು ಸ್ವಲ್ಪ ವಾಸನೆಯನ್ನು ಹಿಡಿಯುವುದು ನಿಜ, ಅದೂ ಕೆಲವು ತಿಂಗಳಿಗೊಮ್ಮೆ ಸೋಸುಕವನ್ನು ಬದಲಿಸುತ್ತಿದ್ದರೆ. ಶಾಖವನ್ನೂ ಆವಿಯನ್ನೂ ಅದು ಹೊರಗೆ ಹಾಕಲಾರದು, ಮೆಣಸಿನಕಾಯಿಯ ಘಾಟಿಗೆ ಎದುರು ನಿಲ್ಲಲಾರದು. ಇದಲ್ಲದೆ ಗೋಡೆಗೆ ಒರಗಿದ ಒಲೆಯ ಹೊಗೆ ಗೋಡೆಯ ಆಸರೆಯಲ್ಲಿ ನೇರ ಮೇಲೇರುತ್ತದೆ. ಕೋಣೆಯ ನಡುವಿನ ಒಲೆಯ ಹೊಗೆಯನ್ನು ಎ.ಸಿ.ಯ ಗಾಳಿ, ಫ್ಯಾನಿನ ಗಾಳಿ, ಓಡಾಡುವವರ ಗಾಳಿ ನಾಲ್ಕೂ ಕಡೆ ಚೆದರಿಸುತ್ತದೆ. ಆದ್ದರಿಂದ ನಡುವಿನ ಒಲೆಗೆ ಹೆಚ್ಚು ಬಲದ ಹುಡ್ ಬೇಕು. ನಾನು ಇದ್ದ ಬಲವನ್ನೂ ಕಿತ್ತುಹಾಕಿದ್ದೆ. ಕಾಂಟ್ರಾಕ್ಟರರನ್ನು ನಾನು ದೂರುವುದಿಲ್ಲ. ಪಾಸ್ತಾ ಬೇಯಿಸುವ, ಸೂಪು ಬಿಸಿ ಮಾಡುವ ಮನೆಗಳನ್ನು ನೋಡಿದವರು ಅವರು. ಕಾದ ಎಣ್ಣೆಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿ ಬೀಳುವ ಕ್ಷಣದಲ್ಲಿ ಏನಾಗುತ್ತದೆ ಎಂದು ಅವರಿಗೆ ಹೇಳಬೇಕಾದವನು ನಾನು. ಹೇಳಲಿಲ್ಲ, ಏಕೆಂದರೆ ಆ ಬಿಳಿಯ ಅಡುಗೆಮನೆಯ ಚಿತ್ರದೊಳಗೆ ಒಗ್ಗರಣೆ ಹಾಕುವ ನಾವು ಇರಲೇ ಇಲ್ಲ.

ಒಟ್ಟು 46,000 ಡಾಲರ್ ಆಯಿತು. ಗೃಹಪ್ರವೇಶವೇನೋ ಎಂಬಂತೆ ಸ್ನೇಹಿತರನ್ನೆಲ್ಲ ಕರೆದೆವು. ಅಂದಿನ ಊಟವನ್ನು ಹೋಟೆಲಿನಿಂದ ತರಿಸಿದ್ದರಿಂದ ಏನೂ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ಒಗ್ಗರಣೆಗೆ ಹೊಗೆಯ ಅಲಾರ್ಮ್ ಕೂಗಿತು. ಮಗಳು ಮೇಲಿನ ಕೋಣೆಯಿಂದ ಕೆಮ್ಮುತ್ತ ಇಳಿದು ಬಂದಳು. ಒಂದು ತಿಂಗಳಲ್ಲಿ ಸೋಫಾದ ಬಟ್ಟೆ, ಪರದೆ, ಟಿವಿಯ ಅಂಚು, ಪುಸ್ತಕಗಳ ಬೆನ್ನು ಎಲ್ಲದರ ಮೇಲೂ ಬೆರಳಿಗೆ ಅಂಟುವ ಎಣ್ಣೆಯ ತೆಳುವಾದ ಪೊರೆ ಕೂತಿತ್ತು. ಮಗನಿಗೆ ಆಗ ಹನ್ನೊಂದು ವರ್ಷ. “ಅಪ್ಪಾ, ಸ್ಕೂಲ್ ಇರುವ ದಿನ ಬೆಳಿಗ್ಗೆ ಒಗ್ಗರಣೆ ಹಾಕಬೇಡಿ, ನನ್ನ ಜಾಕೆಟ್ ವಾಸನೆ ಬರುತ್ತೆ” ಎಂದು ಒಂದು ದಿನ ಮೆಲ್ಲಗೆ ಹೇಳಿದ. ಅಂದಿನಿಂದ ಬೆಳಿಗ್ಗೆ ಸೀರಿಯಲ್ ಬಂತು. ಅಮೆರಿಕಕ್ಕೆ ಬಂದು ಹದಿನೈದು ವರ್ಷವಾದರೂ ಬದಲಾಗದ ನಮ್ಮ ಬೆಳಗಿನ ತಿಂಡಿಯನ್ನು ಟಿವಿಯ ಒಂದು ಕಾರ್ಯಕ್ರಮ ಬದಲಿಸಿತು. ಜನಪ್ರಿಯ ಸಂಸ್ಕೃತಿ ಇಲ್ಲಿನ ದಿನನಿತ್ಯದ ಬದುಕನ್ನು ರೂಪಿಸುತ್ತದೆ ಎಂದು ಯಾರಾದರೂ ಹೇಳಿದಾಗ ಹೆಚ್ಚಿನವರಿಗೆ ಸೂಪರ್ ಬೌಲ್, ಹ್ಯಾಲೋವೀನ್ ನೆನಪಾಗುತ್ತವೆ. ನನಗೆ ನೆನಪಾಗುವುದು ಆ ಸೀರಿಯಲ್ ಡಬ್ಬ.

2018ರ ಬೇಸಿಗೆಯಲ್ಲಿ ಅಮ್ಮ ಆರು ತಿಂಗಳಿಗೆಂದು ಬಂದರು. ಬಂದ ವಾರವೇ ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಹೊರಟರು. ಮನೆಯೊಳಗೆ ಹುರಿಯುವಂತಿರಲಿಲ್ಲವಾದ್ದರಿಂದ, ಇಲ್ಲಿನ ಎಷ್ಟೋ ಭಾರತೀಯರು ಮಾಡುವಂತೆ, ಗ್ಯಾರೇಜಿನಲ್ಲಿ ಒಂದು ಮೇಜು ಹಾಕಿ ಕರೆಂಟಿನ ಸಣ್ಣ ಒಲೆ ಇಟ್ಟುಕೊಟ್ಟೆ. ಹೊರಗೆ ಬಿಸಿಲು ನೂರಾನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಗ್ಯಾರೇಜಿನ ಬಾಗಿಲು ತೆರೆದಿತ್ತು. ಎಪ್ಪತ್ತೊಂದು ವರ್ಷದ ಅಮ್ಮ ಹುಲ್ಲು ಕತ್ತರಿಸುವ ಯಂತ್ರದ ಪಕ್ಕದಲ್ಲಿ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಬಾಣಲೆಯಲ್ಲಿ ಕೈಯಾಡಿಸುತ್ತಿದ್ದರು. ನಾಯಿ ಅಡ್ಡಾಡಿಸುತ್ತಿದ್ದ ಪಕ್ಕದ ಬೀದಿಯ ಹೆಂಗಸೊಬ್ಬರು ನಿಂತು, ಎಲ್ಲ ಸರಿಯಾಗಿದೆಯೇ ಎಂದು ನನ್ನನ್ನು ವಿಚಾರಿಸಿದರು. ನಾನು ಸರಿಯಾಗಿದೆ ಎಂದೆ. ಅವರು ಹೋದ ಮೇಲೆ ಅಮ್ಮ ಬಾಣಲೆ ಇಳಿಸಿ, “ಇಷ್ಟು ದೊಡ್ಡ ಮನೆ ಇಟ್ಟುಕೊಂಡು ಕಾರು ನಿಲ್ಲಿಸೋ ಜಾಗದಲ್ಲಿ ಮೆಣಸಿನಕಾಯಿ ಹುರೀಬೇಕೇನೋ? ಅಡುಗೆಮನೆ ಯಾರಿಗೆ ಮಾಡಿಸಿದ್ದೀಯ?” ಎಂದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಕಂಡುಕೊಂಡದ್ದು ನನ್ನ ಅಭಿಪ್ರಾಯವಷ್ಟೇ, ನೀವು ಒಪ್ಪಬೇಕಿಲ್ಲ. ಅಡುಗೆಮನೆಯನ್ನು ವಾಸದ ಕೋಣೆಗೆ ತೆರೆಯುವ ಆಲೋಚನೆ ಟಿವಿಯದಲ್ಲ. ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಮೂವತ್ತರ ದಶಕದಲ್ಲೇ ಅಂತಹ ಮನೆಗಳನ್ನು ಕಟ್ಟಿದ್ದರು. ಮನೆಗೆಲಸದವರಿಲ್ಲದ ಸಂಸಾರದಲ್ಲಿ ಅಡುಗೆ ಮಾಡುವವರು ಒಬ್ಬಂಟಿಯಾಗಬಾರದು ಎಂಬ ಅದರ ಹಿಂದಿನ ತರ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಇಡೀ ದೇಶ ಅದನ್ನು ಬಯಸುವಂತೆ ಮಾಡಿದ್ದು ಕ್ಯಾಮರಾ. 1951ರಲ್ಲಿ ‘ಐ ಲವ್ ಲೂಸಿ’ ಮೂರು ಕ್ಯಾಮರಾ ಇಟ್ಟು, ಎದುರಿಗೆ ಪ್ರೇಕ್ಷಕರನ್ನು ಕೂರಿಸಿ ಚಿತ್ರೀಕರಿಸಿದ ಕ್ರಮವನ್ನೇ ಮುಂದಿನ ಎಷ್ಟೋ ಹಾಸ್ಯ ಧಾರಾವಾಹಿಗಳು ಅನುಸರಿಸಿದವು. ಅಲ್ಲಿನ ಮನೆಗಳಿಗೆ ಮೂರೇ ಗೋಡೆ, ನಾಲ್ಕನೆಯ ಕಡೆ ಪ್ರೇಕ್ಷಕರು. 1963ರಿಂದ ಬಾಸ್ಟನ್ನಿನ ಟಿವಿ ವಾಹಿನಿಯಲ್ಲಿ ಜೂಲಿಯಾ ಚೈಲ್ಡ್ ಅಡುಗೆ ಕಲಿಸಿದಾಗ ಒಲೆ ನಮ್ಮ ಕಡೆಗಿತ್ತು, ಏಕೆಂದರೆ ಬೆನ್ನು ತೋರಿಸಿ ಅಡುಗೆ ಮಾಡಿದರೆ ಕ್ಯಾಮರಾಗೆ ಏನೂ ಕಾಣುವುದಿಲ್ಲ. ಗೋಡೆಯಿಲ್ಲದ ಹಜಾರ, ಎದುರು ಮುಖದ ಒಲೆ, ಎರಡೂ ಸ್ಟುಡಿಯೋದ ಅನುಕೂಲಗಳು. ಅದನ್ನು ನಾನು ಮನೆಯಲ್ಲಿ ಕಟ್ಟಿಸಿಕೊಂಡೆ. ಸ್ಟುಡಿಯೋದಲ್ಲಿ ಯಾರೂ ರಾತ್ರಿ ಮಲಗುವುದಿಲ್ಲ, ಪರದೆ ಒಗೆಯುವುದಿಲ್ಲ.

ಇನ್ನು ನೀವು ಕೇಳಿದ ಬೆಲೆಯ ಮಾತು. ನಿಮ್ಮ ಪ್ರಶ್ನೆಯ ಈ ಭಾಗವನ್ನು ನಾನು ಒಪ್ಪುವುದೇ ಇಲ್ಲ. ಮನೆಯನ್ನು ಈಗಷ್ಟೇ ಕೊಂಡಿದ್ದೀರಿ, ಇಬ್ಬರು ಚಿಕ್ಕ ಮಕ್ಕಳಿದ್ದಾರೆ ಎಂದು ಬರೆದಿದ್ದೀರಿ. ಹತ್ತು ವರ್ಷವಾದರೂ ಮಾರುವವರಲ್ಲ. ಹತ್ತು ವರ್ಷದ ಆಚೆ ಬರಬಹುದಾದ ಯಾರೋ ಕೊಳ್ಳುಗನಿಗೆ ಇಂದಿನಿಂದಲೇ ಅಡುಗೆಮನೆ ಸಿದ್ಧಪಡಿಸಿಡುವುದು, ಹುಟ್ಟದ ಅಳಿಯನಿಗೆ ಪಂಚೆ ಕೊಂಡಿಟ್ಟಂತೆ. ಅಲ್ಲದೆ ‘ರೀಮಾಡೆಲಿಂಗ್’ ಪತ್ರಿಕೆ ಪ್ರಕಟಿಸುತ್ತಿದ್ದ ವೆಚ್ಚ ಮತ್ತು ಮೌಲ್ಯದ ವಾರ್ಷಿಕ ವರದಿಗಳನ್ನು ತೆರೆದು ನೋಡಿ. ಅಡುಗೆಮನೆಯ ದೊಡ್ಡ ನವೀಕರಣಕ್ಕೆ ಹಾಕಿದ ಹಣ ಮಾರುವಾಗ ಪೂರ್ತಿ ಹಿಂದಿರುಗುವುದಿಲ್ಲ. ಟಿವಿಯವರಿಗೇ ಗಿಟ್ಟಿಲ್ಲ! 1969ರಿಂದ 1974ರವರೆಗೆ ನಡೆದ ‘ದಿ ಬ್ರೇಡಿ ಬಂಚ್’ ಧಾರಾವಾಹಿಯಲ್ಲಿ ಹೊರಗಿನಿಂದ ಮಾತ್ರ ತೋರಿಸುತ್ತಿದ್ದ ಲಾಸ್ ಏಂಜಲೀಸ್‌ನ ಮನೆಯನ್ನು ಎಚ್‌ಜಿಟಿವಿ 2018ರಲ್ಲಿ 35 ಲಕ್ಷ ಡಾಲರಿಗೆ ಕೊಂಡು, ಒಳಗನ್ನೆಲ್ಲ ಹಳೆಯ ಸ್ಟುಡಿಯೋ ಸೆಟ್ಟಿನಂತೆ ಮತ್ತೆ ಕಟ್ಟಿಸಿತು. 2023ರಲ್ಲಿ ಅದನ್ನು ಮಾರಿದ್ದು 32 ಲಕ್ಷಕ್ಕೆ. ಕಟ್ಟಿಸಿದ ಖರ್ಚು ಬೇರೆ. ಅವರಿಗೆ ಕಾರ್ಯಕ್ರಮದಿಂದಲಾದರೂ ಲಾಭವಿತ್ತು, ನಿಮಗೆ ಏನಿದೆ?

ಬಣ್ಣದ ವಿಷಯದಲ್ಲೂ ಇದೇ ಆಟ. ಮನೆ ಮಾರಾಟದ ತಾಣವಾದ ಜಿಲ್ಲೋ 2018ರಲ್ಲಿ ಮುಂಬಾಗಿಲಿಗೆ ಕಪ್ಪು ಬಣ್ಣವಿದ್ದರೆ ಮನೆಗೆ 6,271 ಡಾಲರ್ ಹೆಚ್ಚು ಬರುತ್ತದೆ ಎಂದು ಲೆಕ್ಕ ಹೇಳಿತು. ನಮ್ಮ ಬಾಗಿಲಿಗೂ ಕಪ್ಪು ಬಳಿಸಿದೆ. ಆ ಬಾಗಿಲಿಗೆ ಯುಗಾದಿಯ ತೋರಣ ಕಟ್ಟುವಾಗ ಹೆಂಡತಿ ಏನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

2020 ಬಂದಾಗ ನಮ್ಮ ಒಂದೇ ಕೋಣೆಯ ಅರಮನೆಯಲ್ಲಿ ಇಬ್ಬರ ಆಫೀಸು, ಇಬ್ಬರ ಶಾಲೆ, ಒಂದು ಕುಕ್ಕರ್. ನನ್ನ ಮೀಟಿಂಗಿನಲ್ಲಿ ಮೂರನೆಯ ಸೀಟಿಗೆ ನಾನೇ ಎದ್ದು ಓಡಿ ಒಲೆ ಆರಿಸಿದ್ದನ್ನು ಹನ್ನೆರಡು ಜನ ನೋಡಿದ್ದಾರೆ. ಬಾಗಿಲು ಎಂಬುದು ಎಷ್ಟು ದೊಡ್ಡ ಉಪಕಾರ ಎಂದು ಆ ವರ್ಷ ಇಡೀ ದೇಶಕ್ಕೇ ನೆನಪಾಯಿತು. 2021ರಲ್ಲಿ ನಾವು ಮತ್ತೆ ಕೆಲಸ ಮಾಡಿಸಿದೆವು: ಒಲೆಯನ್ನು ಹಿತ್ತಲ ಕಡೆಯ ಹೊರಗೋಡೆಗೆ ಸರಿಸಿ, ನೇರವಾಗಿ ಗೋಡೆ ತೂರಿ ಹೊರಹೋಗುವ ಕೊಳವೆ ಹಾಕಿಸಿ, ಹಜಾರದ ಕಡೆಗೆ ಗಾಜಿನ ಜಾರುಬಾಗಿಲು ಇಡಿಸಿದೆವು. 14,500 ಡಾಲರ್. ಹುಡ್ ಎಷ್ಟು ಬಲದ್ದಾದರೆ ಅಷ್ಟು ಒಳ್ಳೆಯದು ಎಂದು ನಾನು ಈ ಸಲ ಇನ್ನೊಂದು ತುದಿಗೆ ಹಾರಲು ಹೊರಟಿದ್ದೆ. ಗಂಟೆಗಲ್ಲ, ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಗಾಳಿ ಎಳೆಯುವ ಹುಡ್ ಹಾಕಿದರೆ ಹೊರಗಿನಿಂದ ಅಷ್ಟೇ ಗಾಳಿ ಒಳಬರಲು ವ್ಯವಸ್ಥೆ ಇರಬೇಕೆಂದು ಕಟ್ಟಡ ನಿಯಮ ಹೇಳುತ್ತದೆ ಎಂದು ತಪಾಸಣೆಯವರು ತಡೆದರು. ಇಲ್ಲವಾದರೆ ಗ್ಯಾಸಿನ ನೀರು ಕಾಯಿಸುವ ಯಂತ್ರದ ಹೊಗೆಯನ್ನೇ ಹುಡ್ ಮನೆಯೊಳಗೆ ಎಳೆದುಕೊಂಡೀತಂತೆ. ನಿಮ್ಮಲ್ಲೂ ಗ್ಯಾಸಿನ ಹೀಟರ್ ಇದ್ದರೆ ಇದನ್ನು ಮರೆಯಬೇಡಿ.

ತಮಾಷೆಯೆಂದರೆ, ಈಗ ನಮ್ಮ ಪಕ್ಕದ ಫ್ರಿಸ್ಕೋ ಕಡೆಯ ಹೊಸ ಬಡಾವಣೆಗಳಲ್ಲಿ ಕಟ್ಟುವವರು ‘ಸ್ಪೈಸ್ ಕಿಚನ್’ ಎಂದು ದೊಡ್ಡ ಅಡುಗೆಮನೆಯ ಹಿಂದೆ ಬಾಗಿಲಿರುವ ಇನ್ನೊಂದು ಸಣ್ಣ ಅಡುಗೆಮನೆಯನ್ನು ಹೆಚ್ಚಿನ ಬೆಲೆಗೆ ಮಾರುತ್ತಿದ್ದಾರೆ. ಮುಂದಿನದು ನೋಡಲು, ಹಿಂದಿನದು ಅಡುಗೆಗೆ. ನಾನು 46,000 ಕೊಟ್ಟು ಕೆಡವಿಸಿದ್ದನ್ನು.

ನಿಮ್ಮ ಎರಡು ಆಯ್ಕೆಗಳಲ್ಲಿ ನನ್ನನ್ನು ಕೇಳಿದರೆ, ನೆಲ ಬದಲಿಸಿ, ಕಪಾಟಿಗೆ ಬಣ್ಣ ಬಳಿಸಿ. ನೋಡಲು ಬೇಸರವಾದರೆ ಮತ್ತೆ ಬಳಿಸಬಹುದು. ಗೋಡೆಯ ವಿಷಯವನ್ನು ಯಾವ ಕಾಂಟ್ರಾಕ್ಟರರ ಬಳಿಗೂ ಈಗಲೇ ಒಯ್ಯಬೇಡಿ. ಮೊದಲು ನಿಮ್ಮ ಒಲೆಯ ಮೇಲಿನ ಕಪಾಟನ್ನು ತೆರೆದು, ಅಲ್ಲಿರುವ ಡಬ್ಬಗಳನ್ನು ಕೆಳಗಿಳಿಸಿ, ಹಿಂದೆ ತಗಡಿನ ಕೊಳವೆಯೊಂದು ಮೇಲೇರುತ್ತಿದೆಯೇ ನೋಡಿ. ಇದ್ದರೆ ಅದು ಯಾವ ಗೋಡೆಯೊಳಗೆ ಹೋಗುತ್ತದೆ ಎಂದು ಇಲ್ಲಿ ಬರೆಯಿರಿ. ಆಮೇಲೆ ಮಾತನಾಡೋಣ.